ಕೋಳಿ ಕಂಪನಿಯದು, ಹಿಕ್ಕೆ ನಮ್ಮಣ್ಣಂದು

ಇವತ್ತು ಹೊಸತೊಡಕು. ಬೆಳಿಗ್ಗೆ ಏಳಕ್ಕೇ ಕೋಳಿ ಅಂಗಡಿ ಮುಂದೆ ಕ್ಯೂ. ನನ್ನ ಮುಂದಿದ್ದ ಯಜಮಾನರೊಬ್ಬರು ಬೋರ್ಡಿನ ಮೇಲಿದ್ದ ರೇಟು ನೋಡಿ, “ಈ ಫಾರಂನೋರು ಚೆನ್ನಾಗಿ ಎದ್ದುಬಿಟ್ರು ಬಿಡಿ, ನಾವೂ ಊರಲ್ಲಿ ಎರಡು ಶೆಡ್ ಹಾಕ್ಬೇಕಿತ್ತು” ಅಂದರು. ಹಬ್ಬದ ಮಾರನೇ ದಿನ ಜಗಳ ಯಾಕೆ ಅಂತ ಬಾಯಿ ಮುಚ್ಕೊಂಡು ಬಂದೆ. ಮಸಾಲೆ ರುಬ್ಬೋ ಹೊತ್ತಿಗೆ ತಡ್ಕೊಳ್ಳೋಕಾಗಲಿಲ್ಲ, ಈಗ ಇಲ್ಲಿ ರುಬ್ತಾ ಇದ್ದೀನಿ.

ನನ್ನ ಗೋಡೆ ಓದೋರಿಗೆ ನಮ್ಮಣ್ಣ ಗೊತ್ತು. ಗೌರಿಬಿದನೂರು ಕಡೆ, ಬೋರು ಬತ್ತಿದ ಮೇಲೆ ರೇಷ್ಮೆ ಬಿಟ್ಟು, ಕೋಳಿ ಕಂಪನಿಯೊಂದರ ಜೊತೆ ಒಪ್ಪಂದ ಮಾಡ್ಕೊಂಡು, ಅವರ ಮರಿ ಸಾಕಿಕೊಡೋಕೆ ಶೆಡ್ ಹಾಕಿದವನು. ಜಮೀನು ಅವನದು, ಶೆಡ್ಡಿನ ಸಾಲ ಅವನದು. ಕರೆಂಟು ಬಿಲ್ಲು, ನೀರು, ನೆಲಕ್ಕೆ ಹಾಸೋ ಭತ್ತದ ಹೊಟ್ಟು, ಮರಿಗಳಿಗೆ ಕಾವು ಕೊಡೋಕೆ ಇದ್ದಿಲು, ಕೆಲಸದವರ ಸಂಬಳ, ಎಲ್ಲ ಅವನ ತಲೆ ಮೇಲೆ. ಮರಿ ಕಂಪನಿಯದು. ಫೀಡು, ಔಷಧಿ ಕಂಪನಿಯದು. ಕೊನೆಗೆ ಲಾರಿ ಹತ್ತೋ ಕೋಳಿಯೂ ಕಂಪನಿಯದೇ. ನಲವತ್ತು ದಿನ ಹಗಲುರಾತ್ರಿ ಸಾಕಿದ್ದಕ್ಕೆ ಜೀವಂತ ತೂಕದ ಮೇಲೆ ಕೆ.ಜಿ.ಗೆ ಆರೋ ಏಳೋ ರೂಪಾಯಿ ಕೂಲಿ. ಅದಕ್ಕೆ ಗ್ರೋಯಿಂಗ್ ಚಾರ್ಜ್ ಅಂತ ಚೆಂದದ ಹೆಸರು. ಪುಕ್ಕ, ಚರ್ಮ ಎಲ್ಲ ಕಳೆದು ಮಾಂಸದ ಲೆಕ್ಕಕ್ಕೆ ತಂದರೂ ಹತ್ತು ರೂಪಾಯಿ ಆಸುಪಾಸು. ಬೋರ್ಡಲ್ಲಿ ಯಜಮಾನರ ಕಣ್ಣು ಕುಕ್ಕಿದ ರೇಟಿನಲ್ಲಿ ನಮ್ಮಣ್ಣನ ಪಾಲು ಇಷ್ಟು.

ನೆಂಟರು ಬಂದರೆ ಶೆಡ್ಡಿಂದ ಒಂದು ಕೋಳಿ ಹಿಡಿಯೋ ಹಾಗಿಲ್ಲ. ಎಲ್ಲ ಎಣಿಸಿ ಕೊಟ್ಟ ಕೋಳಿ. ಸತ್ತದ್ದಕ್ಕೂ ಲೆಕ್ಕ, ಫೋಟೋ ತೆಗೆದು ಸೂಪರ್‌ವೈಸರ್‌ಗೆ ವಾಟ್ಸಾಪ್ ಮಾಡಬೇಕು. ಐದು ಸಾವಿರ ಕೋಳಿ ಪಕ್ಕ ಮಲಗೋ ಮನುಷ್ಯ ಪೇಟೆಗೆ ಹೋಗಿ ದುಡ್ಡು ಕೊಟ್ಟು ಕೋಳಿ ತರ್ತಾನೆ. ಅತ್ತಿಗೆ ಇದನ್ನ ಹೇಳ್ಕೊಂಡು ಬಿದ್ದು ಬಿದ್ದು ನಗ್ತಾರೆ, ನನಗೆ ಮೈ ಉರಿಯುತ್ತೆ. ಬ್ಯಾಚ್ ಹೋದ ಮೇಲೆ ಇದು ನನ್ನದು ಅಂತ ಅವನು ಧೈರ್ಯವಾಗಿ ಹೇಳಬಹುದಾದ್ದು ಹಿಕ್ಕೆ ಬೆರೆತ ಹೊಟ್ಟು ಒಂದೇ. ದ್ರಾಕ್ಷಿ ತೋಟದವರು ಗೊಬ್ಬರಕ್ಕೆ ಒಯ್ತಾರೆ, ನಾಲ್ಕು ಕಾಸು ಬರುತ್ತೆ.

ಆ ಆರೇಳು ರೂಪಾಯಿಯೂ ಗ್ಯಾರಂಟಿ ಅಲ್ಲ. ಮರಿಗೆ ಇಷ್ಟು, ಫೀಡಿಗೆ ಇಷ್ಟು, ಔಷಧಿಗೆ ಇಷ್ಟು ಅಂತ ಕಂಪನಿಯೇ ರೇಟು ಕಟ್ಟಿ, ಒಂದು ಕೆ.ಜಿ. ಕೋಳಿಗೆ ಎಷ್ಟು ಬಿತ್ತು ಅಂತ ತಾನೇ ಲೆಕ್ಕ ಹಾಕುತ್ತೆ. ಅವರ ಅಂದಾಜು ಮೀರಿದರೆ ಕೂಲಿಗೆ ಕತ್ತರಿ. ಎಷ್ಟು ಕೆ.ಜಿ. ಫೀಡು ತಿಂದು ಒಂದು ಕೆ.ಜಿ. ತೂಕ ಬಂತು ಅನ್ನೋದನ್ನ ಎಫ್‌ಸಿಆರ್ ಅಂತಾರೆ. ಅದು ಒಂದೂವರೆ ಸುತ್ತಮುತ್ತ ಇದ್ದರೆ ಅಣ್ಣನ ಮುಖದಲ್ಲಿ ಕಳೆ, ಏರಿತೋ ನನ್ನ ಫೋನೂ ಎತ್ತಲ್ಲ. ಸೋಮಾರಿತನ ಮಾಡಿದ್ದಕ್ಕೆ ಕತ್ತರಿ ಹಾಕಲಿ, ಬೇಡ ಅನ್ನಲ್ಲ. ಬಂದ ಮರಿಯೇ ಸೊರಗಿದ್ದರೆ? ಫೀಡೇ ಸರಿ ಇಲ್ಲದಿದ್ದರೆ? ಮರಿ ಆರಿಸಿದವನು ಅವನಲ್ಲ, ಫೀಡು ಕಲಸಿದವನು ಅವನಲ್ಲ, ಕತ್ತರಿಗೆ ಮಾತ್ರ ಅವನ ಕತ್ತು.

ಬೇಸಿಗೆ ಕಥೆ ಕೇಳಿ. ಕೋಳಿಗೆ ಬೆವರಿನ ಗ್ರಂಥಿ ಇಲ್ಲ, ಬಾಯಿ ಕಳೆದು ಏದುಸಿರು ಬಿಟ್ಟೇ ಮೈ ತಣಿಸ್ಕೋಬೇಕು (ಏಳನೇ ಕ್ಲಾಸಿಗೆ ಪಾಠ ಮಾಡೋ ಚಟ, ಕ್ಷಮಿಸಿ). ಮರಿ ಇದ್ದಾಗ ಹೇಗೋ ತಡೆಯುತ್ತೆ. ಕೊನೇ ವಾರ, ಎರಡು ಕೆ.ಜಿ. ಆಗಿ ಕಾಲೆತ್ತಿಡೋಕೂ ಕಷ್ಟಪಡುವಾಗ ಮಧ್ಯಾಹ್ನ ಎರಡಕ್ಕೆ ಕರೆಂಟು ಹೋದರೆ ಮುಗೀತು. ಹೋದ ವರ್ಷ ಮೇ ತಿಂಗಳಲ್ಲಿ ಅಣ್ಣ-ಅತ್ತಿಗೆ ಗೋಣಿತಾಟು ನೆನೆಸಿ ಸುತ್ತ ಕಟ್ಟಿ, ಶೀಟಿನ ಮೇಲೆ ನೀರು ಹಾಯಿಸಿ, ಕೊನೆಗೆ ಬಕೆಟ್ಟು ಹಿಡ್ಕೊಂಡು ಓಡಾಡಿದರೂ ರಾಶಿ ರಾಶಿ ಬಿದ್ದವು. ತಿನ್ನೋ ಫೀಡೆಲ್ಲ ತಿಂದು ಮುಗಿಸಿದ ಕೋಳಿ ಸತ್ತರೆ ಎಫ್‌ಸಿಆರ್ ಏನಾಗುತ್ತೆ ನೀವೇ ಲೆಕ್ಕ ಹಾಕಿ. “ನೋಡಮ್ಮ, ಬಿಸಿಲೂ ನಂದೇ ಅಂತೆ” ಅಂದ.

ಕೋಳಿ ಹೀಗಾಗಿದ್ದು ಅದರ ತಪ್ಪಾ? ಕೆನಡಾದ ಆಲ್ಬರ್ಟಾ ವಿಶ್ವವಿದ್ಯಾಲಯದವರು 1957ರ ಕಾಲದ ಕೋಳಿ ತಳಿಯನ್ನೂ 2005ರ ತಳಿಯನ್ನೂ ಒಂದೇ ಫೀಡು ಹಾಕಿ ಸಾಕಿ ನೋಡಿ, 2014ರಲ್ಲಿ ಫಲಿತಾಂಶ ಪ್ರಕಟಿಸಿದರು. 56 ದಿನಕ್ಕೆ ಹಳೇದು 900 ಗ್ರಾಂ ಚಿಲ್ಲರೆ, ಹೊಸದು 4 ಕೆ.ಜಿ. ದಾಟಿತ್ತು. ಎದೆಮಾಂಸ ಬೆಳೆಯೋ ವೇಗಕ್ಕೆ ಕಾಲು, ಹೃದಯ ಹೊಂದಿಕೊಳ್ಳೋಕಾಗದೆ ಕೆಲವು ಕೋಳಿ ನಿಂತಲ್ಲೇ ರೆಕ್ಕೆ ಬಡಿದು ಸಾಯ್ತವೆ. ಈ ಮರಿಗಳ ತಾಯಿ-ತಂದೆ ಕೋಳಿಗಳದ್ದು ಇನ್ನೊಂದು ಪಾಡು. ಹೊಟ್ಟೆ ತುಂಬಾ ತಿಂದರೆ ಮೊಟ್ಟೆ ಇಡೋ ವಯಸ್ಸಿಗೆ ಮುಂಚೆಯೇ ಬೊಜ್ಜು ಬಂದು ಕೆಡ್ತವೆ ಅಂತ ಅವನ್ನ ಅರೆಹೊಟ್ಟೇಲಿ ಇಡ್ತಾರೆ. ಮರಿಗೆ ರಾತ್ರಿಯೆಲ್ಲಾ ಬಲ್ಬು ಉರಿಸಿ ತಿನ್ನು ತಿನ್ನು, ತಾಯಿಗೆ ಉಪವಾಸ. ಇದನ್ನ ಯೋಚಿಸಿದವನ ಮನೇಲಿ ಊಟದ ಹೊತ್ತಿಗೆ ಏನು ಮಾತಾಡ್ತಾರೋ.

ಇನ್ನು ಕೋಳಿ ಹಿಡಿಯೋರು. ಲಾರಿ ಬರೋದು ರಾತ್ರಿ. ಲೈಟು ಮಂದ ಮಾಡಿ, ಒಂದೊಂದು ಕೈಗೆ ನಾಲ್ಕೈದು ಕೋಳಿ ಕಾಲು ಸಿಕ್ಕಿಸಿ ತಲೆಕೆಳಗು ಮಾಡಿ ಹಿಡ್ಕೊಂಡು, ತೂಕ ಮಾಡಿಸಿ ಕ್ರೇಟಿಗೆ ತುಂಬೋದು. ಹುಡುಗರ ಮೊಣಕೈವರೆಗೂ ಉಗುರಿನ ಗೀರು. ಮಾಸ್ಕ್ ಕೇಳಿದರೆ ಟವೆಲ್ ತೋರಿಸ್ತಾರೆ. ಲೋಡಿನ ಲೆಕ್ಕದ ಕೂಲಿ, ಆದ್ದರಿಂದ ಮೆಲ್ಲಗೆ ಹಿಡಿದರೆ ಅವರಿಗೇ ನಷ್ಟ. ರೆಕ್ಕೆ ಮುರಿಯೋದು ಕ್ರೌರ್ಯಕ್ಕಿಂತ ಹೆಚ್ಚಾಗಿ ಅವಸರದಿಂದ.

ನಿಜ ಹೇಳ್ಲಾ? ಆ ಶೆಡ್ಡಿನೊಳಗೆ ನನ್ನ ಕೈಲಿ ಐದು ನಿಮಿಷ ನಿಲ್ಲೋಕಾಗಲ್ಲ. ಅಮೋನಿಯಾ ಘಾಟಿಗೆ ಕಣ್ಣುರಿ, ಗಂಟಲು ಕೆರೆತ. ವಾಪಸ್ ಬಸ್ಸಲ್ಲಿ ಪಕ್ಕದೋರು ಮೂಗು ಮುಚ್ಕೊಳ್ತಾರೇನೋ ಅಂತ ಸೆರಗು ಮೂಸಿ ನೋಡ್ಕೋತೀನಿ. ಒಡಹುಟ್ಟಿದವನ ಮನೆ ವಾಸನೆಗೆ ನಾಚೋ ಹೆಂಗಸು ನಾನು. ಆ ಶೆಡ್ಡಿಗೆ ಅಂಟಿದ ಒಂದೇ ಕೋಣೇಲಿ ಬಿಹಾರದ ಗಂಡ-ಹೆಂಡತಿ ಮಗು ಕಟ್ಕೊಂಡು ಇದ್ದಾರೆ. ಅವರಿಗೆ ಅಣ್ಣ ಕೊಡೋ ಸಂಬಳವೂ ಹೇಳಿಕೊಳ್ಳೋ ಅಂಥದ್ದಲ್ಲ, ಅವನನ್ನ ಕೇಳಿದರೆ “ನನಗೆ ಬಂದರೆ ತಾನೆ” ಅಂತಾನೆ.

ಈಗ ಬರ್ತಾರೆ ನೋಡಿ ಎಂ.ಬಿ.ಎ. ಸ್ನೇಹಿತರು. “ಮೇಡಂ, ಮಾರ್ಕೆಟ್ ರಿಸ್ಕ್ ಪೂರ್ತಿ ಕಂಪನಿ ಹೊರುತ್ತೆ. ರೇಟು ಬಿದ್ದರೂ ರೈತನಿಗೆ ಕೂಲಿ ಖಚಿತ. ತೊಂಬತ್ತರ ದಶಕದಲ್ಲಿ ಕೊಯಮತ್ತೂರು ಕಡೆ ಈ ಪದ್ಧತಿ ಬೇರು ಬಿಟ್ಟಿದ್ದೇ ರೈತರು ನಷ್ಟದಲ್ಲಿ ಮುಳುಗಿದ್ದಾಗ.” ಪುಸ್ತಕದಲ್ಲಿ ಸರಿ. ಸ್ವಂತಕ್ಕೆ ಸಾಕಿದವರ ಗತಿ 2020ರ ಮಾರ್ಚಿನಲ್ಲಿ ನೋಡಿದ್ದೀವಿ. ಕೋಳಿ ತಿಂದರೆ ಕೊರೊನಾ ಬರುತ್ತೆ ಅಂತ ಯಾವನೋ ವಾಟ್ಸಾಪಲ್ಲಿ ಬಿಟ್ಟ, ಕೆ.ಜಿ.ಗೆ ಐದು-ಹತ್ತು ರೂಪಾಯಿಗೆ ಇಳೀತು, ಗೋಕಾಕ ತಾಲ್ಲೂಕಿನಲ್ಲಿ ಸಾವಿರಾರು ಕೋಳಿಯನ್ನ ಜೀವಂತ ಗುಂಡಿಗೆ ಸುರಿದ ವಿಡಿಯೋ ನೀವೂ ನೋಡಿರ್ತೀರಿ. ಒಪ್ಪಿದೆ. ಆದರೆ ಆಗ ನಮ್ಮಣ್ಣನ ಕಂಪನಿ ಏನು ಮಾಡಿತು? ನಷ್ಟ ಹೊರಲಿಲ್ಲ, ಮರಿ ಕೊಡೋದನ್ನೇ ನಿಲ್ಲಿಸ್ತು. ಶೆಡ್ಡು ಖಾಲಿ, ಬ್ಯಾಂಕಿನ ಕಂತು ಖಾಲಿ ಇಲ್ಲ. ರೇಟು ಬಿದ್ದಾಗಲೆಲ್ಲ ಇದೇ ಆಟ, ಎರಡು ಬ್ಯಾಚಿನ ನಡುವೆ ವಾರಗಟ್ಟಲೆ ಗ್ಯಾಪು. ಇದಕ್ಕೆ ರಿಸ್ಕ್ ಹೊರೋದು ಅಂತಾರಾ? ಒಪ್ಪಂದ ಇಂಗ್ಲಿಷಲ್ಲಿದೆ, ಜೊತೆಗೆ ಸಹಿ ಹಾಕಿದ ಖಾಲಿ ಚೆಕ್ಕು ಅವರ ಬೀರುವಿನಲ್ಲಿದೆ. ಆ ಚೆಕ್ಕು ನೆನೆದರೆ ಅಣ್ಣನ ಬಾಯಿ ಕಟ್ಟುತ್ತೆ.

ಔಷಧಿ ವಿಷಯ ಬರೆಯೋಕೆ ಹೋದರೆ ಇನ್ನೊಂದು ಪೋಸ್ಟ್ ಆಗುತ್ತೆ. ಮನುಷ್ಯರಿಗೆ ಬೇರೆ ಯಾವುದೂ ನಾಟದಾಗ ಡಾಕ್ಟರು ಕೊಡೋ ಕೋಲಿಸ್ಟಿನ್ ಅನ್ನೋ ಆ್ಯಂಟಿಬಯೋಟಿಕ್ಕನ್ನ ಕೋಳಿ ಬೇಗ ಬೆಳೀಲಿ ಅಂತ ಫೀಡಿಗೆ ಬೆರೆಸ್ತಿದ್ದರು. 2019ರ ಜುಲೈನಲ್ಲಿ ಕೇಂದ್ರ ಆರೋಗ್ಯ ಸಚಿವಾಲಯ ಪ್ರಾಣಿಗಳಿಗೆ ಅದನ್ನ ನಿಷೇಧಿಸ್ತು. ಪುಡಿ ಪೊಟ್ಟಣದಲ್ಲಿ ಈಗ ಏನಿದೆ ಅಂತ ಅಣ್ಣನನ್ನ ಕೇಳಿದರೆ, “ಅವರು ಕೊಡ್ತಾರೆ, ನಾನು ನೀರಿಗೆ ಹಾಕ್ತೀನಿ.”

“ಇಷ್ಟೆಲ್ಲ ಗೊತ್ತಿದ್ದೂ ತಿಂತೀರಲ್ಲ, ಸಸ್ಯಾಹಾರಿ ಆಗಿ” ಅಂತ ಕಾಮೆಂಟ್ ಟೈಪ್ ಮಾಡ್ತಿರೋರು ದಯವಿಟ್ಟು ಬ್ಯಾಕ್‌ಸ್ಪೇಸ್ ಒತ್ತಿ. 2021ರಲ್ಲಿ ಶಾಲೆ ಮಕ್ಕಳ ಮೊಟ್ಟೆಗೆ ಕೆಲವು ಮಠಾಧೀಶರು ಅಡ್ಡ ಬಂದಾಗ ಇದೇ ಗೋಡೆಯಲ್ಲಿ ನಿಮ್ಮ ಜೊತೆ ಗುದ್ದಾಡಿದ್ದೀನಿ, ಇನ್ನೊಂದು ರೌಂಡಿಗೂ ಸಿದ್ಧ. ನಾನು ತಿನ್ನೋಳೇ, ಕುಕ್ಕರ್ ಎರಡು ಸೀಟಿ ಹಾಕಿದೆ. ನಾಟಿ ಕೋಳಿ ತಿನ್ನಿ ಅನ್ನೋ ಜ್ಞಾನಿಗಳು ನನ್ನ ಸಂಬಳದ ಸ್ಲಿಪ್ ನೋಡಿಲ್ಲ. ನಾನು ಕೇಳ್ತಿರೋದು ಕನ್ನಡದಲ್ಲಿ ಬರೆದ ಒಪ್ಪಂದ, ಇದಕ್ಕಿಂತ ಕಡಿಮೆ ಇಲ್ಲ ಅನ್ನೋ ಒಂದು ಕೂಲಿ, ಶೆಡ್ಡು ಖಾಲಿ ಬಿಟ್ಟ ದಿನಗಳಿಗೆ ಏನಾದರೂ ಪರಿಹಾರ, ಕೋಳಿ ಹಿಡಿಯೋ ಹುಡುಗರಿಗೆ ಒಂದು ಜೊತೆ ಗ್ಲೌಸು. ಕೆ.ಜಿ.ಗೆ ಹತ್ತು ರೂಪಾಯಿ ಜಾಸ್ತಿ ಆದರೆ ಆಗಲಿ, ಆ ಯಜಮಾನರು ಇನ್ನೊಂದು ಸಲ ಗೊಣಗಲಿ.

ನಿಮ್ಮೂರಲ್ಲಿ ಶೆಡ್ ಹಾಕಿರೋರು ಇದ್ದರೆ, ಈಗ ಕೆ.ಜಿ.ಗೆ ಎಷ್ಟು ಕೊಡ್ತಿದ್ದಾರೆ, ದುಡ್ಡು ಎಷ್ಟು ದಿನಕ್ಕೆ ಕೈಗೆ ಬರುತ್ತೆ ಅಂತ ಕೇಳಿ ಕೆಳಗೆ ಬರೀರಿ. ಕಂಪನಿ ಹೆಸರು ಮಾತ್ರ ಬೇಡ. ಅವರ ಸೂಪರ್‌ವೈಸರ್ ನನ್ನ ಫ್ರೆಂಡ್ ಲಿಸ್ಟಲ್ಲಿದ್ದಾರೆ, ಮೊದಲ ಲೈಕ್ ಅವರದೇ ಬರುತ್ತೆ.