ಕೆಲಸ ಬಿಟ್ಟರೂ ಹಳೇ ಕಂಪನಿ ಬಿಡುತ್ತಿಲ್ಲ

ಏಳು ವರ್ಷ ಪೀಣ್ಯದ ಒಂದು ಕಂಪನಿಯಲ್ಲಿ ಸಿಎನ್‌ಸಿ ಮೆಷಿನ್ (ಕಂಪ್ಯೂಟರ್ ನಡೆಸುವ, ಲೋಹ ಕೊರೆಯುವ ಯಂತ್ರ) ಸರ್ವಿಸ್ ಮಾಡಿದೆ. ನೋಟಿಸ್ ಪೀರಿಯಡ್ ಎರಡು ತಿಂಗಳು, ಒಂದು ದಿನವೂ ತಪ್ಪಿಸಲಿಲ್ಲ. ಲ್ಯಾಪ್‌ಟಾಪ್, ಟೂಲ್ ಕಿಟ್ ಎಲ್ಲ ವಾಪಸ್ ಕೊಟ್ಟು, ಎಲ್ಲರಿಗೂ ಹೇಳಿಯೇ ಹೊರಗೆ ಬಂದೆ. ಹೊಸ ಕಂಪನಿ ಸೇರಿ ಮೂರು ವಾರ ಆಗಿತ್ತಷ್ಟೇ, ಮನೆಗೆ ಲಾಯರ್ ನೋಟಿಸ್ ಬಂತು. ಎರಡು ವರ್ಷ ಪೈಪೋಟಿ ಕಂಪನಿಗೆ ಸೇರುವಂತಿಲ್ಲವಂತೆ, ಸೇರಿದ್ದಕ್ಕೆ 5 ಲಕ್ಷ ಕಟ್ಟಬೇಕಂತೆ. ಅದನ್ನು ಪೋಸ್ಟ್‌ಮ್ಯಾನ್ ಕೈಯಿಂದ ತೆಗೆದುಕೊಂಡವರು ಅಮ್ಮ. ಕೋರ್ಟು ಅಂದರೇನೇ ಅವರಿಗೆ ಭಯ. ಅವತ್ತು ರಾತ್ರಿ ಊಟ ಮಾಡಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇಳಿದಿಲ್ಲ.

ಆ ಷರತ್ತಿಗೆ ಸೈನ್ ಮಾಡಿದ್ದೆ, ನಿಜ. ಸೇರಿದ ದಿನ ಇಪ್ಪತ್ತು ಪುಟ ಮುಂದಿಟ್ಟು, ಎಲ್ಲದಕ್ಕೂ ಸೈನ್ ಹಾಕಿ ಅಂದರು. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಿದ್ದ ಹುಡುಗ ಯಾವ ಷರತ್ತು ತೆಗೆಯಿರಿ ಅಂತ ಕೇಳುತ್ತಾನೆ?

ಆದರೆ ಆ ಷರತ್ತಿಗೆ ಕಾನೂನಿನಲ್ಲಿ ಬೆಲೆಯೇ ಇಲ್ಲ. 1872ರ ಕಾಂಟ್ರ್ಯಾಕ್ಟ್ ಆಕ್ಟ್, ಸೆಕ್ಷನ್ 27: ಒಬ್ಬರ ನ್ಯಾಯವಾದ ಉದ್ಯೋಗಕ್ಕೆ ತಡೆ ಹಾಕುವ ಕರಾರು ಅಷ್ಟರ ಮಟ್ಟಿಗೆ ಅನೂರ್ಜಿತ. 2006ರಲ್ಲಿ ಕ್ರಿಕೆಟಿಗ ಜಹೀರ್ ಖಾನ್ ಪ್ರಕರಣದಲ್ಲೂ ಸುಪ್ರೀಂ ಕೋರ್ಟ್ ಹೇಳಿದ್ದು ಅದೇ, ಕರಾರಿನ ಅವಧಿ ಮುಗಿದ ಮೇಲೆ ಇಂಥ ಕಟ್ಟು ನಿಲ್ಲುವುದಿಲ್ಲ. ಹಳೇ ಕಂಪನಿಯ ಎಚ್‌ಆರ್‌ನವರು ಫೋನಿನಲ್ಲಿ 2025ರ ವಿಜಯಾ ಬ್ಯಾಂಕ್ ತೀರ್ಪಿನ ಹೆಸರು ಹೇಳಿ ಹೆದರಿಸಿದರು. ಅದು ಮೂರು ವರ್ಷಕ್ಕೆ ಮುಂಚೆ ಬಿಟ್ಟರೆ 2 ಲಕ್ಷ ಕಟ್ಟಬೇಕು ಅನ್ನುವ ಬಾಂಡ್ ವಿಷಯ. ನಾನು ಏಳು ವರ್ಷ ದುಡಿದವನು. ನನಗೂ ಅದಕ್ಕೂ ಏನು ಸಂಬಂಧ?

ಅವರು ಕೋರ್ಟಿಗೆ ಹೋಗುವುದಿಲ್ಲ. ಹೋದರೆ ಸೋಲುತ್ತೇವೆ ಅಂತ ಅವರಿಗೂ ಗೊತ್ತು. ಅದಕ್ಕೇ ರಿಲೀವಿಂಗ್ ಲೆಟರ್, ಅಂದರೆ ಕೆಲಸದಿಂದ ಬಿಡುಗಡೆ ಮಾಡಿದ ಪತ್ರ, ಕೊಡದೆ ಹಿಡಿದುಕೊಂಡು ಕೂತಿದ್ದಾರೆ. ಕೊನೇ ತಿಂಗಳ ಸಂಬಳ ಬಂದಿಲ್ಲ. ಗ್ರಾಚ್ಯುಟಿ 30 ದಿನದೊಳಗೆ ಕೊಡಬೇಕು, ಅದೂ ಇಲ್ಲ. ಇಲ್ಲಿ ಹೊಸ ಎಚ್‌ಆರ್ ದಿನಾ ಆ ಲೆಟರ್ ಕೇಳುತ್ತಾರೆ. ನಾನಿನ್ನೂ ಪ್ರೊಬೇಷನ್‌ನಲ್ಲಿ ಇದ್ದೇನೆ.

ಒಂದು ಫೈಲ್ ತಂದಿಲ್ಲ, ಒಬ್ಬ ಕಸ್ಟಮರ್ ನಂಬರ್ ತಂದಿಲ್ಲ. ಅಂಥದ್ದೇನಾದರೂ ಕದ್ದಿದ್ದರೆ ಕೇಸ್ ಹಾಕಲಿ, ಬೇಡ ಅನ್ನುವುದಿಲ್ಲ. ಸ್ಪಿಂಡಲ್ ಶಬ್ದ ಕೇಳಿದರೆ ಬೇರಿಂಗ್ ಹೋಗಿದೆ ಅಂತ ನನಗೆ ಗೊತ್ತಾಗುತ್ತದೆ. ರಾತ್ರಿ ಪಾಳಿಯಲ್ಲಿ ಮೆಷಿನ್ ಪಕ್ಕ ನಿಂತು ನಿಂತು ಕಲಿತದ್ದು ಅದು. ಅದನ್ನು ಯಾರಿಗೆ ವಾಪಸ್ ಕೊಡಲಿ? ನನಗೆ ಬರುವುದೇ ಈ ಕೆಲಸ. ಎರಡು ವರ್ಷ ಮನೆಯಲ್ಲಿ ಕೂತರೆ ಬಾಡಿಗೆ ಅವರು ಕಟ್ಟುತ್ತಾರಾ?

ನಾಳೆ ಕಾರ್ಮಿಕ ಇಲಾಖೆಗೆ ಅರ್ಜಿ ಕೊಡಲು ರಜೆ ಹಾಕಿದ್ದೇನೆ. ಹೊಸ ಕೆಲಸದಲ್ಲಿ ಮೊದಲನೇ ರಜೆ ಇದಕ್ಕೇ ಹೋಯಿತು.