ದೊಡ್ಡಪ್ಪನ ಬೆಲ್ಲದ ಕಾಫಿ

ನಮ್ಮ ದೊಡ್ಡಪ್ಪನಿಗೆ ಶುಗರ್ ಬಂದು ಹನ್ನೊಂದು ವರ್ಷವಾಯಿತು. ಅಂದಿನಿಂದ ಸಕ್ಕರೆ ಡಬ್ಬಿಯನ್ನು ಅವರು ಕಣ್ಣೆತ್ತಿಯೂ ನೋಡಿಲ್ಲ. ಕಾಫಿಗೆ ಬೆಲ್ಲದ ಪುಡಿ. ಎರಡು ಚಮಚ, ಮೇಲೆ ಗೋಪುರ ಕಟ್ಟಿ. "ಇದು ಬೆಲ್ಲ ಕಣೋ, ಏನೂ ಆಗಲ್ಲ" ಎನ್ನುತ್ತಾರೆ. ನಾನು ಬಾಯಿ ತೆರೆಯುವಷ್ಟರಲ್ಲಿ ಲೋಟ ಅರ್ಧ ಖಾಲಿ.

ಒಂದೇ ಗದ್ದೆಯ ಕಬ್ಬು. ಒಂದು ಜಲ್ಲೆ ಕಾರ್ಖಾನೆಗೆ ಹೋದರೆ ವಿಷ, ಪಕ್ಕದ ಜಲ್ಲೆ ಆಲೆಮನೆಗೆ ಹೋದರೆ ಔಷಧಿ! ಆದರೆ 100 ಗ್ರಾಂ ಬೆಲ್ಲದಲ್ಲಿ 80 ಗ್ರಾಂಗೂ ಜಾಸ್ತಿ ಇರುವುದು ಸಕ್ಕರೆಯ ಅಂಶವೇ. ಉಳಿದದ್ದು ನೀರು, ಒಂದಿಷ್ಟು ಖನಿಜ. "ಕಬ್ಬಿಣ ಇದೆಯಲ್ಲ?" ಎಂದು ದೊಡ್ಡಮ್ಮ ಗಂಡನ ಪರ ವಾದಿಸುತ್ತಾರೆ. ಇದೆ, 100 ಗ್ರಾಂಗೆ ಕೆಲವೇ ಮಿಲಿಗ್ರಾಂ. ಕಾಫಿಗೆ ಬೀಳುವುದು ಹತ್ತು ಹದಿನೈದು ಗ್ರಾಂ. ಸಾಲದ್ದಕ್ಕೆ ಕಾಫಿಯೇ ಕಬ್ಬಿಣವನ್ನು ಅಷ್ಟಾಗಿ ಮೈಗೆ ಹತ್ತಗೊಡುವುದಿಲ್ಲ.

ಹಾಗಂತ ದೊಡ್ಡಮ್ಮ ಹೇಳುವುದೆಲ್ಲ ಸುಳ್ಳಲ್ಲ. ಕುದಿಯುವ ಹಾಲಿಗೆ ಬೆಲ್ಲ ಹಾಕಿದರೆ ಒಡೆಯುತ್ತದೆ ಅನ್ನುತ್ತಾರೆ. ಬೆಲ್ಲದಲ್ಲಿ ಸ್ವಲ್ಪ ಹುಳಿಯ ಗುಣ ಇರುತ್ತದೆ, ಒಡೆಯುವುದು ನಿಜ. ಅದಕ್ಕೇ ಪಾಯಸದ ಪಾತ್ರೆ ಇಳಿಸಿ, ತುಸು ಆರಿಸಿ, ಆಮೇಲೆ ಬೆಲ್ಲದ ಪಾಕ ಹುಯ್ಯುತ್ತಾರೆ. ಮಂಡ್ಯದ ಕಡೆ ಆಲೆಮನೆಗಳಲ್ಲಿ ಬೆಂಡೆ ಗಿಡವನ್ನು ನೀರಿನಲ್ಲಿ ಕಿವುಚಿ, ಆ ಲೋಳೆಯನ್ನು ಕೊಪ್ಪರಿಗೆಗೆ ಹಾಕುವವರಿದ್ದಾರೆ. ಕಸವೆಲ್ಲ ಲೋಳೆಗೆ ಅಂಟಿ ನೊರೆಯಾಗಿ ಮೇಲೆ ಬರುತ್ತದೆ, ಜಾಲರಿಯಲ್ಲಿ ತೆಗೆದು ಬಿಸಾಕುತ್ತಾರೆ. ಯಾವ ಲ್ಯಾಬಿನಲ್ಲೂ ಇದನ್ನು ಕಲಿತವರಲ್ಲ. ತಪ್ಪಿದರೆ ಪಾಯಸ ಹಾಳು, ಬೆಲ್ಲ ಹಾಳು, ಅಲ್ಲೇ ಗೊತ್ತಾಗುತ್ತದೆ. ಒಲೆಯ ಮೇಲೆ ಸುಳ್ಳು ಜಾಸ್ತಿ ದಿನ ಬಾಳುವುದಿಲ್ಲ. ಹೊಟ್ಟೆಯೊಳಗೆ ಹೋದ ಮೇಲೆ ನಡೆಯುವುದನ್ನು ನೋಡುವವರ್ಯಾರು? ಬದನೆಕಾಯಿ ನಂಜು, ರಾತ್ರಿ ಮೊಸರು ತಿಂದರೆ ನೆಗಡಿ, ಎಲ್ಲ ಅಲ್ಲೇ ಬೆಚ್ಚಗೆ ಕೂತಿವೆ.

ತಮಾಷೆ ಏನೆಂದರೆ, ಅಂಗಡಿಯಲ್ಲಿ ದೊಡ್ಡಪ್ಪ ಆರಿಸುವುದು ಚಿನ್ನದ ಹಾಗೆ ಹೊಳೆಯುವ ಅಚ್ಚು. ಆ ಬಣ್ಣಕ್ಕಾಗಿಯೇ ಕೆಲವು ಕಡೆ ಹೈಡ್ರೋಸ್ ಹಾಕುತ್ತಾರೆ, ಬಣ್ಣ ತಿಳಿಯಾಗಿಸುವ ರಾಸಾಯನಿಕ ಪುಡಿ, ಅದರಲ್ಲಿರುವುದೂ ಗಂಧಕವೇ. "ಸಕ್ಕರೆಗೆ ಗಂಧಕ ಹಾಕ್ತಾರೆ" ಎಂದು ಬೈಯುವವರೂ ಇವರೇ.

ಹಳ್ಳಿಯಲ್ಲಿ ಬಿಸಿಲಲ್ಲಿ ಬಂದವರಿಗೆ ಬೆಲ್ಲ, ನೀರು ಕೊಡುತ್ತಿದ್ದರು. ಸುಸ್ತು ಇಳಿಯುತ್ತಿತ್ತು. ಯಾಕೆಂದರೆ ಬೆಲ್ಲ ಬೇಗ ರಕ್ತಕ್ಕೆ ಸೇರುತ್ತದೆ. ಇದನ್ನು ದೊಡ್ಡಪ್ಪನೇ ಹೆಮ್ಮೆಯಿಂದ ಹೇಳುತ್ತಾರೆ. ಅದೇ ಬಾಯಲ್ಲಿ "ಶುಗರ್ ಏರಲ್ಲ" ಅನ್ನುತ್ತಾರೆ!

ಹೋದ ತಿಂಗಳು ಅವರ ಮಗಳು ಬೆರಳಿಗೆ ಚುಚ್ಚಿ ನೋಡುವ ಮಷಿನ್ ತಂದಳು. ಬೆಳಿಗ್ಗೆ ಬರಿ ಹೊಟ್ಟೆಯಲ್ಲಿ ನೋಡಿದಾಗ 131. ಕಾಫಿ ಕುಡಿದು ಒಂದು ಗಂಟೆಗೆ 204. ದೊಡ್ಡಪ್ಪ ಮಷಿನ್ ಅನ್ನು ತಿರುಗಿಸಿ ನೋಡಿದರು. ಸೆಲ್ ಹಳೆಯದಿರಬೇಕು ಎಂದರು. ಹೊಸ ಸೆಲ್ ಹಾಕಿ, ಬೇರೆ ಬೆರಳು ಚುಚ್ಚಿದರು. 201.

ಸ್ವಲ್ಪ ಹೊತ್ತು ಸುಮ್ನೆ ಕೂತರು. ಆಮೇಲೆ ಅಡುಗೆಮನೆ ಕಡೆ ತಿರುಗಿ ಕೂಗಿದರು.

"ಲೇ, ಮನೇಲಿ ಜೇನುತುಪ್ಪ ಇದ್ಯಾ?"