ಆಪ್ಟ್ ಎಂಬ ಆಪ್ತ

ನನ್ನ ಕಂಪ್ಯೂಟರಿನ ಪಕ್ಕದಲ್ಲಿ ಒಂದು ನೋಟ್‌ಬುಕ್ ಇದೆ. ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಕಲಿಯತೊಡಗಿದ ದಿನಗಳಲ್ಲಿ, ಪ್ಯಾಕೇಜುಗಳನ್ನು, ಅಂದರೆ ತಂತ್ರಾಂಶದ ಕಟ್ಟುಗಳನ್ನು, ಇನ್‌ಸ್ಟಾಲ್ ಮಾಡುವ, ಅಪ್‌ಡೇಟ್ ಮಾಡುವ, ತೆಗೆದುಹಾಕುವ ಕಮಾಂಡುಗಳು ಮರೆತುಹೋಗಬಾರದೆಂದು ಅವನ್ನೆಲ್ಲ ಅದರಲ್ಲಿ ದುಂಡಗಿನ ಅಕ್ಷರಗಳಲ್ಲಿ, ಅದೂ ಶಾಯಿಯಲ್ಲಿ, ಬರೆದಿಟ್ಟಿದ್ದೆ. ಈಗ ಅದನ್ನು ತೆರೆದರೆ ಬರಹಕ್ಕಿಂತ ಗೀಟುಗಳೇ ಹೆಚ್ಚಾಗಿ ಕಾಣುತ್ತವೆ. ಒಂದೊಂದು ಗೀಟಿಗೂ ನನ್ನ ಒಂದೊಂದು ಸಂಜೆ ಬಲಿಯಾಗಿದೆ.

ಲಿನಕ್ಸಿನ ಒಂದು ರೂಪವಾದ ಡೆಬಿಯನ್ ಬಳಗದಲ್ಲಿ 1998ರಲ್ಲಿ ಹುಟ್ಟಿದ ಆಪ್ಟ್ ಎಂಬ ಪ್ಯಾಕೇಜ್ ಮ್ಯಾನೇಜರಿನ ಹೆಸರನ್ನು ನಾನು ಮೊದಲ ದಿನದಿಂದಲೂ ಮನಸ್ಸಿನಲ್ಲಿ ‘ಆಪ್ತ’ ಎಂದೇ ಓದಿಕೊಂಡವನು. ಅದಕ್ಕೆ ಕಾರಣವೂ ಇತ್ತು. ಡಿಪಿಕೆಜಿ ಎಂಬ ಅದರ ಹಿರಿಯಣ್ಣನ ಕೈಗೆ ಒಂದು ಪ್ಯಾಕೇಜ್ ಕೊಟ್ಟರೆ, ‘ಇದಕ್ಕೆ ಬೇಕಾದ ಇನ್ನೊಂದು ಇಲ್ಲ’ ಎಂದು ಮುಖ ತಿರುಗಿಸಿಬಿಡುತ್ತಿತ್ತು. ಆಪ್ಟ್ ಮಾತ್ರ ಆ ಇನ್ನೊಂದನ್ನೂ, ಅದಕ್ಕೆ ಬೇಕಾದ ಮತ್ತೊಂದನ್ನೂ ತಾನೇ ಹುಡುಕಿ ತಂದು ಜೋಡಿಸುತ್ತಿತ್ತು. ಆದರೆ ಈ ಆಪ್ತನಿಗೆ ಆಗಾಗ ತನ್ನ ನಡೆನುಡಿಗಳನ್ನು ಬದಲಿಸಿಕೊಳ್ಳುವ ಹುಕ್ಕಿ ಬರುತ್ತದೆ.

ನೋಟ್‌ಬುಕ್ಕಿನ ಮೊದಲ ಗೀಟು 2014ರದ್ದು. ಅಲ್ಲಿಯವರೆಗೆ ‘ಆಪ್ಟ್-ಗೆಟ್’ ಎಂದು ಟೈಪ್ ಮಾಡುತ್ತಿದ್ದವರಿಗೆ, ಆ ವರ್ಷ ಬಂದ 1.0 ಆವೃತ್ತಿಯು ಬರೀ ‘ಆಪ್ಟ್’ ಎಂದರೆ ಸಾಕೆಂದು ಹೇಳಿ, ಕೆಲಸ ಎಷ್ಟು ಸಾಗಿದೆ ಎಂದು ತೋರಿಸುವ ಪಟ್ಟಿಯೊಂದನ್ನೂ ಕೊಟ್ಟಿತು. ನಾನು ಸಂಭ್ರಮದಿಂದ ಹಳೆಯ ಸಾಲುಗಳನ್ನು ಹೊಡೆದುಹಾಕಿ, ಅಪ್‌ಡೇಟ್‌ಗೆ ಕಾದಿರುವ ಪ್ಯಾಕೇಜುಗಳ ಸಾಲುಗಳನ್ನು ಎಣಿಸಿ ಪ್ರತಿದಿನ ನನಗೆ ವರದಿ ಒಪ್ಪಿಸುವ ಸ್ಕ್ರಿಪ್ಟ್ (ಕಮಾಂಡುಗಳ ಪುಟ್ಟ ಸರಣಿ) ಒಂದನ್ನೂ ಹೊಸ ಕಮಾಂಡಿನಲ್ಲಿ ಬರೆದೆ. ಅಂದಿನಿಂದ ನನ್ನ ಯಂತ್ರದಲ್ಲಿ ಅಪ್‌ಡೇಟ್‌ಗಳು ಮುಗಿದದ್ದೇ ಇಲ್ಲ. ಎಷ್ಟು ಸಲ ಅಪ್‌ಡೇಟ್ ಮಾಡಿದರೂ ಮರುದಿನ ‘ಇನ್ನೂ ಬಾಕಿಯಿದೆ’ ಎಂಬ ವರದಿ ತಪ್ಪದೆ ಬರುತ್ತಿತ್ತು. ವಾರಗಟ್ಟಲೆ ಹುಡುಕಿದ ಮೇಲೆ ತಿಳಿದದ್ದೇನೆಂದರೆ, ಬಾಕಿಯಿದ್ದದ್ದು ಯಾವ ಪ್ಯಾಕೇಜೂ ಅಲ್ಲ. ‘ಆಪ್ಟ್‌ನ ಈ ರೂಪ ಸ್ಥಿರವಾದುದಲ್ಲ, ಸ್ಕ್ರಿಪ್ಟುಗಳಲ್ಲಿ ಎಚ್ಚರದಿಂದ ಬಳಸಿ’ ಎಂದು ಆಪ್ಟ್ ಮುದ್ರಿಸುತ್ತಿದ್ದ ಎಚ್ಚರಿಕೆಯ ಸಾಲನ್ನೇ ನನ್ನ ಸ್ಕ್ರಿಪ್ಟ್ ಪ್ಯಾಕೇಜೆಂದು ಎಣಿಸುತ್ತಿತ್ತು. ಎಚ್ಚರಿಕೆಯನ್ನು ಓದುವ ಬದಲು ಎಣಿಸಿದ ಕೀರ್ತಿ ನನ್ನದೇ ಆದ್ದರಿಂದ ಇದರಲ್ಲಿ ಆಪ್ಟ್‌ನ ತಪ್ಪೇನೂ ಇಲ್ಲ. ಸ್ಕ್ರಿಪ್ಟುಗಳಿಗೆ ಹಳೆಯ ಆಪ್ಟ್-ಗೆಟ್ಟೇ ಸರಿಯೆಂದು ಗೊತ್ತಾದಾಗ, ಹೊಡೆದುಹಾಕಿದ್ದ ಸಾಲುಗಳ ಪಕ್ಕದಲ್ಲಿ ಅವನ್ನೇ ಮತ್ತೆ ಬರೆದುಕೊಂಡೆ.

ಕೀಲಿಗಳ ಪುಟ ಮಾತ್ರ ಸಂಪೂರ್ಣ ರಣರಂಗವಾಗಿದೆ. ಹೊರಗಿನ ರೆಪಾಸಿಟರಿಯೊಂದರಿಂದ, ಅಂದರೆ ತಂತ್ರಾಂಶಗಳ ಉಗ್ರಾಣದಿಂದ, ತಂತ್ರಾಂಶ ಪಡೆಯಬೇಕಾದರೆ, ಅದರ ಸಹಿಯನ್ನು ಪರೀಕ್ಷಿಸುವ ಕೀಲಿಯನ್ನು ಮೊದಲು ನಮ್ಮ ಯಂತ್ರಕ್ಕೆ ಪರಿಚಯಿಸಬೇಕು. ಹಿಂದೆ ‘ಆಪ್ಟ್-ಕೀ’ ಎಂಬ ಒಂದೇ ಕಮಾಂಡಿನಲ್ಲಿ ಈ ಪರಿಚಯ ಮುಗಿಯುತ್ತಿತ್ತು. ಒಂದು ದಿನ ಅದೇ ಕಮಾಂಡು, ‘ನನ್ನನ್ನು ಬಳಸುವ ಕಾಲ ಮುಗಿಯಿತು, ಕೀಲಿಗಳನ್ನು ಇಂಥ ಫೋಲ್ಡರಿನಲ್ಲಿಡಿ’ ಎಂದಿತು. ವಿಧೇಯನಾಗಿ ಅಲ್ಲೇ ಇಟ್ಟೆ. ಸ್ವಲ್ಪ ಕಾಲದ ನಂತರ ಅದೂ ಸರಿಯಲ್ಲವೆಂದು ತಿಳಿಯಿತು. ಆ ಫೋಲ್ಡರಿನಲ್ಲಿರುವ ಯಾವ ಕೀಲಿಯಾದರೂ ಯಾವ ರೆಪಾಸಿಟರಿಗಾದರೂ ಸಹಿ ಹಾಕಬಹುದಂತೆ. ಅಂದರೆ ಯಾರೋ ಒಬ್ಬರ ಪುಟ್ಟ ತಂತ್ರಾಂಶಕ್ಕೆಂದು ನಾನು ನಂಬಿದ ಕೀಲಿ ಇಡೀ ವ್ಯವಸ್ಥೆಯ ಬಾಗಿಲನ್ನೇ ತೆರೆಯಬಲ್ಲದು. ಕಾರಣ ನ್ಯಾಯವಾದುದೇ. ಬೈಯೋಣವೆಂದರೂ ಬದಲಾವಣೆಯ ಪರವಾಗಿ ಒಳ್ಳೆಯ ಕಾರಣವೊಂದು ಇದ್ದುಬಿಡುವುದೇ ಈ ವ್ಯವಹಾರದಲ್ಲಿ ನನಗೆ ಅತ್ಯಂತ ಸಿಟ್ಟು ತರಿಸುವ ಸಂಗತಿ.

ಹೊಸ ಪದ್ಧತಿಯಲ್ಲಿ ಪ್ರತಿ ರೆಪಾಸಿಟರಿಗೂ ಅದರದೇ ಕೀಲಿಯ ಫೈಲನ್ನು ಹೆಸರಿಸಬೇಕು. ಆ ಫೈಲು ಅಕ್ಷರರೂಪದಲ್ಲಿದ್ದರೆ ಹೆಸರಿನ ಕೊನೆಗೆ ‘ಎಎಸ್‌ಸಿ’, ಬೈನರಿಯಾಗಿದ್ದರೆ ‘ಜಿಪಿಜಿ’ ಎಂದಿರಬೇಕು. ಅಕ್ಷರರೂಪದ ಕೀಲಿಗೆ ಜಿಪಿಜಿ ಎಂದು ನಾಮಕರಣ ಮಾಡಿ, ಕೀಲಿಯನ್ನು ಕಣ್ಣೆದುರಿಗೇ ಇಟ್ಟುಕೊಂಡು, ‘ಕೀಲಿ ಸಿಗುತ್ತಿಲ್ಲ’ ಎಂಬ ದೂರನ್ನು ನಾನು ರಾತ್ರಿ ಹನ್ನೊಂದರವರೆಗೆ ಓದಿದ್ದೇನೆ.

ಇಷ್ಟು ಅರಗಿಸಿಕೊಳ್ಳುವಷ್ಟರಲ್ಲಿ ರೆಪಾಸಿಟರಿಗಳ ಪಟ್ಟಿಯ ರೂಪವೇ ಬದಲಾಯಿತು. ಒಂದು ರೆಪಾಸಿಟರಿಗೆ ಒಂದು ಸಾಲು ಎಂಬ ಹಳೆಯ ಕ್ರಮದ ಬದಲಿಗೆ, ಒಂದೊಂದು ವಿವರಕ್ಕೂ ಒಂದೊಂದು ಸಾಲಿರುವ ಡೆಬ್822 ಎಂಬ ರೂಪ ಈಗ ರೂಢಿಗೆ ಬರುತ್ತಿದೆ. ಡೆಬಿಯನ್ ಮೂಲದ ಉಬುಂಟುವಿನ 2024ರ 24.04 ಆವೃತ್ತಿಯಲ್ಲಿ ಹಳೆಯ ಫೈಲನ್ನು ತೆರೆದು ನೋಡಿದರೆ, ಮನೆ ಖಾಲಿ ಮಾಡಿದವರು ಬಾಗಿಲಿಗೆ ಚೀಟಿ ಅಂಟಿಸಿ ಹೋದಂತೆ, ವಿಳಾಸ ಬದಲಾಗಿದೆ ಎಂಬ ಟಿಪ್ಪಣಿಯಷ್ಟೇ ಇರುತ್ತದೆ. ಹೊಸದೆಂದು ಹೇಳಲಾಗುವ ಈ ರೂಪದ ಹೆಸರು ಬಂದಿರುವುದು ಇಮೇಲಿನ ತಲೆಬರಹಗಳನ್ನು ಹೇಗೆ ಬರೆಯಬೇಕೆಂದು 1982ರಲ್ಲಿ ವಿಧಿಸಿದ ಆರ್‌ಎಫ್‌ಸಿ 822 ಎಂಬ ಅಂತರ್ಜಾಲ ಮಾನದಂಡದ ದಾಖಲೆಯಿಂದ. ಆಪ್ಟ್ ಹುಟ್ಟುವುದಕ್ಕೆ ಹದಿನಾರು ವರ್ಷ ಮೊದಲಿನ ಮಾದರಿಗೆ ನಾವು ಈಗ ಪ್ರಗತಿ ಹೊಂದುತ್ತಿದ್ದೇವೆ! ಇದರಲ್ಲಿ ಕೀಲಿಯನ್ನು ಫೈಲಿನೊಳಗೇ ಅಂಟಿಸಬಹುದು. ಆದರೆ ಪ್ರತಿ ಸಾಲಿನ ಮೊದಲು ಒಂದು ಜಾಗ ಬಿಡಬೇಕು, ಖಾಲಿ ಸಾಲಿದ್ದಲ್ಲಿ ಒಂದು ಚುಕ್ಕಿ ಇಡಬೇಕು. ಚುಕ್ಕಿ ಇಡದವರ ಗತಿಯೇನೆಂದು ತಿಳಿಯಲು ಬಯಸುವವರು ನನ್ನನ್ನು ಕೇಳಬಹುದು.

ಬೇಸತ್ತು, ಲಿನಕ್ಸಿನ ಇನ್ನೊಂದು ರೂಪವಾದ ಪಕ್ಕದ ಫೆಡೋರಾ ಬಳಗಕ್ಕೆ ಹೋಗಿಬಿಡೋಣವೆಂದು ಯೋಚಿಸಿದ್ದೂ ಉಂಟು. ಅಲ್ಲಿದ್ದ ಪ್ಯಾಕೇಜ್ ಮ್ಯಾನೇಜರಿನ ಹೆಸರು ಯಮ್. ಕೇಳಿದೊಡನೆ ಕೋಣದ ಗಂಟೆಯ ಸದ್ದು ನೆನಪಾಗುವ ಹೆಸರು. 2015ರಲ್ಲಿ ಅದರ ಜಾಗಕ್ಕೆ ಡಿಎನ್‌ಎಫ್ ಬಂದಿತು, 2024ರಲ್ಲಿ ಅದರ ಜಾಗಕ್ಕೆ ಡಿಎನ್‌ಎಫ್5 ಬಂದಿತು. ಯಮನನ್ನೇ ನಿವೃತ್ತಿಗೊಳಿಸಿದ ಬಳಗದಲ್ಲಿ ನನ್ನ ನೋಟ್‌ಬುಕ್ಕಿಗೆ ಉಳಿಗಾಲವಿಲ್ಲವೆಂದು ಇದ್ದಲ್ಲಿಯೇ ಉಳಿದೆ.

2025ರ ಏಪ್ರಿಲ್‌ನಲ್ಲಿ ಆಪ್ಟ್ 3.0 ಬಂದಾಗ, ತೆಗೆದುಹಾಕಲಿರುವ ಪ್ಯಾಕೇಜುಗಳ ಹೆಸರುಗಳು ಕೆಂಪು ಬಣ್ಣದಲ್ಲಿ ಪ್ರತ್ಯೇಕವಾಗಿ ಕಾಣತೊಡಗಿದವು. ಓದದೆಯೇ ‘ವೈ’ (ಹೌದು) ಒತ್ತುವ ನನ್ನಂಥವರಿಗಾಗಿಯೇ ಮಾಡಿದ ಏರ್ಪಾಡೆಂದು ತೋರುತ್ತದೆ. ಕೆಂಪನ್ನು ಕಂಡು ಬೆಚ್ಚಿದ್ದು ನಿಜ. ಬೆಚ್ಚುವ ಹೊತ್ತಿಗೆ ಬೆರಳು ವೈ ಒತ್ತಿಯಾಗಿತ್ತು.

ನೋಟ್‌ಬುಕ್ಕಿನ ಕೊನೆಯ ಪುಟದಲ್ಲಿ ಗೀಟು ಬೀಳದ ಸಾಲು ಒಂದೇ ಒಂದು ಉಳಿದಿದೆ: ‘ಆಪ್ಟ್-ಗೆಟ್ ಮೂ’. ಅದನ್ನು ಟೈಪ್ ಮಾಡಿದರೆ ಅಕ್ಷರಗಳಿಂದ ಬಿಡಿಸಿದ ಹಸುವೊಂದು ತೆರೆಯ ಮೇಲೆ ಬಂದು ನಿಂತು, ಇಂದು ನೀವು ಅಂಬಾ ಎಂದಿರಾ ಎಂದು ವಿಚಾರಿಸುತ್ತದೆ. ಅದರಿಂದ ಏನೂ ಇನ್‌ಸ್ಟಾಲ್ ಆಗುವುದಿಲ್ಲ, ಯಾವ ಕೀಲಿಯೂ ಬೇಕಾಗುವುದಿಲ್ಲ. ಹೊಸ ಆವೃತ್ತಿ ಬಂದಾಗಲೆಲ್ಲ ನಾನು ಮೊದಲು ಪರೀಕ್ಷಿಸುವುದು ಅದನ್ನೇ. ಮೊನ್ನೆಯೂ ನೋಡಿದೆ, ಹಸು ಅಲ್ಲಿಯೇ ನಿಂತಿತ್ತು.